ಮಹಮೂದ್ ಗವಾನನ ಮೂರು ಸಾವಿರ ಪುಸ್ತಕಗಳು: ಫೆರಿಷ್ತಾನ ಒಂದು ಸಾಕ್ಷ್ಯದ ಮರುಪರಿಶೀಲನೆ

ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಬೀದರಿನ ಮದರಸೆಯ ಮಾತು ಬಂದಲ್ಲೆಲ್ಲ ಒಂದು ಸಂಖ್ಯೆ ತಪ್ಪದೆ ಬರುತ್ತದೆ. ಅಲ್ಲಿ 3000 ಗ್ರಂಥಗಳ ಭಂಡಾರವಿತ್ತು ಎನ್ನುವುದು ಪ್ರವಾಸಿ ಕೈಪಿಡಿಯಲ್ಲಿದೆ, ಸಂಶೋಧನ ಪ್ರಬಂಧಗಳ ಅಡಿಟಿಪ್ಪಣಿಯಲ್ಲೂ ಇದೆ. ಕಟ್ಟಡದ ಉದ್ದಗಲ, ಮಿನಾರಿನ ಎತ್ತರಗಳ ಬೆನ್ನಿಗೇ ಈ ಸಂಖ್ಯೆಯನ್ನೂ ಹೇಳುವುದು ರೂಢಿಯಾಗಿರುವುದರಿಂದ, ಕೋಣೆಗಳನ್ನು ಕಟ್ಟಿಸಿದವನೇ ಆ ಕೋಣೆಗಳಿಗಾಗಿ ಪುಸ್ತಕಗಳನ್ನೂ ತರಿಸಿ ತುಂಬಿದ ಎಂಬ ಚಿತ್ರ ಓದುಗರ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಆ ಚಿತ್ರವನ್ನು ಪ್ರಶ್ನಿಸುವುದು ಈ ಲೇಖನದ ಉದ್ದೇಶ. ಸಂಖ್ಯೆಗೆ ಆಧಾರವಾಗಿರುವುದು ಮುಹಮ್ಮದ್ ಕಾಸಿಂ ಫೆರಿಷ್ತಾನ ಚರಿತ್ರೆ. ಅಲ್ಲಿ ಅದು ಬರುವ ಸಂದರ್ಭ ಮದರಸೆಯ ವರ್ಣನೆಯದಲ್ಲ, ಮರಣದಂಡನೆಗೆ ಗುರಿಯಾದ ಮಂತ್ರಿಯೊಬ್ಬನ ಮನೆವಾರ್ತೆಯ ವಿಚಾರಣೆಯದು. ಸಂದರ್ಭವನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಎತ್ತಿಕೊಂಡದ್ದರಿಂದ ಒಬ್ಬ ಓದುಗನ ಬದುಕಿನ ಬಹುಮುಖ್ಯ ಸಂಗತಿ ನಮ್ಮ ಕಣ್ಣು ತಪ್ಪಿದೆ ಎಂದು ನನಗೆ ತೋರುತ್ತದೆ.

ಬೀದರಿನ ಈ ಸೀಮೆಗೆ ಪುಸ್ತಕದ ನಂಟು ಹೊಸದಲ್ಲ. ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಬಿಲ್ಹಣ ಕಾವ್ಯ ಬರೆದ, ವಿಜ್ಞಾನೇಶ್ವರ ಮಿತಾಕ್ಷರಾ ಬರೆದ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸ ನೂರು ಅಧ್ಯಾಯಗಳ ಗ್ರಂಥ. ಅದರ ಜ್ಯೋತಿಷ ಗಣನೆಗೆ ಹಿಡಿದಿರುವ ವರ್ಷ ಶಕ 1051, ಅಂದರೆ ಕ್ರಿ.ಶ. 1129. ಆನೆಯ ಚಿಕಿತ್ಸೆಯಿಂದ ಅಡುಗೆಯವರೆಗೆ ಅಷ್ಟೊಂದು ವಿಷಯಗಳನ್ನು ಒಂದೆಡೆ ತಂದವರ ಕೈಗೆ ಎಟುಕುವಂತೆ ದೊಡ್ಡ ಗ್ರಂಥಸಂಗ್ರಹ ಇದ್ದಿರಲೇಬೇಕು. ರಾಜನೇ ಬರೆದನೋ ಆಸ್ಥಾನದ ಪಂಡಿತರು ಬರೆದರೋ ಎಂಬ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ನನ್ನ ವಾದಕ್ಕೆ ಬೇಕಾದದ್ದು ಅದೇ ಕಾಲಘಟ್ಟದ ಮತ್ತೊಂದು ದಾಖಲೆ, ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನ. ಅದಕ್ಕೆ ಮತ್ತೆ ಬರುತ್ತೇನೆ.

ಗವಾನನ ಜೀವನದ ಮುಖ್ಯ ಸಂಗತಿಗಳಲ್ಲಿ ವಿದ್ವಾಂಸರ ನಡುವೆ ದೊಡ್ಡ ಭಿನ್ನಾಭಿಪ್ರಾಯವಿಲ್ಲ. ಇರಾನಿನ ಗೀಲಾನ್ ಸೀಮೆಯ ರಾಜಸೇವೆಯ ಮನೆತನದಲ್ಲಿ 1411ರ ಸುಮಾರಿಗೆ ಹುಟ್ಟಿದ. ಊರಿನ ರಾಜಕೀಯ ಕೈಕೊಟ್ಟ ಮೇಲೆ ವ್ಯಾಪಾರಕ್ಕೆ ಇಳಿದ. 1453ರ ಹೊತ್ತಿಗೆ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದ. ಬೀದರಿನ ಸುಲ್ತಾನ ಹುಮಾಯೂನ್ ಷಾನ ಕಾಲದಲ್ಲಿ ‘ಮಲಿಕ್-ಉತ್-ತುಜ್ಜಾರ್’ (ವರ್ತಕರ ಒಡೆಯ) ಎನಿಸಿಕೊಂಡ. ಮೂರನೆಯ ಮುಹಮ್ಮದ್ ಷಾನ ಕಾಲದಲ್ಲಿ ರಾಜ್ಯದ ಸೂತ್ರವೆಲ್ಲ ಅವನ ಕೈಗೆ ಬಂತು. 1472ರಲ್ಲಿ ಗೋವೆಯನ್ನು ಗೆದ್ದದ್ದು, ನಾಲ್ಕು ತರಫ್‌ಗಳನ್ನು (ಪ್ರಾಂತಗಳನ್ನು) ಎಂಟಾಗಿ ಒಡೆದು ಸರದಾರರ ಬಲ ಮುರಿದದ್ದು, ಆ ಕಾರಣಕ್ಕೆ ಹುಟ್ಟಿದ ದ್ವೇಷ, ಒಡಿಶಾದ ದೊರೆಗೆ ಬರೆದಂತೆ ಹುಟ್ಟಿಸಿದ ಕಳ್ಳ ಪತ್ರ, 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಪಾಳೆಯದಲ್ಲಿ ನಡೆದ ಕೊಲೆ ಇವೆಲ್ಲವನ್ನೂ ಹಾರೂನ್ ಖಾನ್ ಷೆರ್ವಾನಿಯವರು 1942ರ ತಮ್ಮ ಗ್ರಂಥದಲ್ಲಿ ವಿವರವಾಗಿ ಹೇಳಿದ್ದಾರೆ. ಮದರಸೆಯ ಕಟ್ಟಡವನ್ನು ಗುಲಾಮ್ ಯಜ್ದಾನಿಯವರು 1947ರಲ್ಲಿ ಅಳೆದು ವರ್ಣಿಸಿದರು. ಈಚೆಗೆ ರಿಚರ್ಡ್ ಈಟನ್ ಅವರು ಗವಾನನನ್ನು ದಖ್ಖನಿನ ವಲಸೆಯ ಇತಿಹಾಸದೊಳಗಿಟ್ಟು ನೋಡಿದರು, ಎಮ್ಮಾ ಫ್ಲಾಟ್ ಅವರು ಅವನ ಪತ್ರಗಳನ್ನು ಸ್ನೇಹಸಂಬಂಧಗಳ ದಾಖಲೆಯಾಗಿ ಓದಿದರು. ಇಷ್ಟೆಲ್ಲ ಕೆಲಸ ನಡೆದಿದ್ದರೂ ಗ್ರಂಥಭಂಡಾರದ ಪ್ರಶ್ನೆಯನ್ನು ಪ್ರತ್ಯೇಕವಾಗಿ ಎತ್ತಿದ್ದು ಕಡಿಮೆ. ಮದರಸೆ ಇತ್ತು, ಆದ್ದರಿಂದ ಅದಕ್ಕೊಂದು ಗ್ರಂಥಾಲಯವಿತ್ತು, ಆದ್ದರಿಂದ 3000 ಗ್ರಂಥಗಳು ಅಲ್ಲಿಯವೇ ಎಂದು ಸರಪಳಿಯಂತೆ ಸಾಗಿಬಂದಿದೆ.

ಈಗ ಫೆರಿಷ್ತಾ ಹೇಳುವುದನ್ನು ಅನುಕ್ರಮವಾಗಿ ನೋಡೋಣ. ಗವಾನ್ ಸತ್ತ ಮೇಲೆ ಸುಲ್ತಾನ ಅವನ ಖಜಾಂಚಿಯನ್ನು ಕರೆಸಿ, ಇಷ್ಟು ವರ್ಷ ಅಧಿಕಾರದಲ್ಲಿದ್ದವನ ಹಣವೆಲ್ಲಿ ಎಂದು ಕೇಳುತ್ತಾನೆ. ಎರಡು ಬೊಕ್ಕಸಗಳಿದ್ದವು ಎಂದು ಖಜಾಂಚಿ ಹೇಳುತ್ತಾನೆ: ಸೈನ್ಯ, ಲಾಯ, ಮನೆಯ ಖರ್ಚಿಗೆ ಒಂದು, ಅದನ್ನು ದೊರೆಯ ಬೊಕ್ಕಸವೆಂದು ಕರೆಯುತ್ತಿದ್ದರು, ಬಡವರದ್ದು ಇನ್ನೊಂದು. ಎರಡರಲ್ಲೂ ಉಳಿದದ್ದು ಅಷ್ಟಕ್ಕಷ್ಟೆ. ತನ್ನ ಊಟದ ಖರ್ಚನ್ನು ಅವನು ಇರಾನಿನಿಂದ ತಂದ ಬಂಡವಾಳದ ವ್ಯಾಪಾರದಿಂದಲೇ ತೂಗಿಸುತ್ತಿದ್ದ. ವೈರಿಗಳು ಸುಮ್ಮನಾಗುವುದಿಲ್ಲ, ಹಣ ರಾಜಧಾನಿಯಲ್ಲಿ ಅಡಗಿರಬೇಕು ಎನ್ನುತ್ತಾರೆ. ಆಗ ಒಬ್ಬೊಬ್ಬರಾಗಿ ಮೇಲ್ವಿಚಾರಕರು ಬರುತ್ತಾರೆ. ಜಮಖಾನೆಗಳ ಉಸ್ತುವಾರಿಯವನು ಡೇರೆ, ಹಾಸುಗಳೆಲ್ಲ ಪಾಳೆಯದಲ್ಲೇ ಇವೆ, ಊರಿನ ಮಸೀದಿ ಮತ್ತು ಮದರಸೆಯಲ್ಲಿ ಹಾಸಿದ ಚಾಪೆಗಳಷ್ಟೇ ಹೊರಗಿರುವುದು, ಒಡೆಯ ಮಲಗುತ್ತಿದ್ದದ್ದು ಬರಿಯ ಚಾಪೆಯ ಮೇಲೆ ಎನ್ನುತ್ತಾನೆ. ಅಡುಗೆಮನೆಯ ಉಸ್ತುವಾರಿಯವನು ಪಾತ್ರೆಪಡಗ ಇಲ್ಲೇ ಇವೆ, ಒಡೆಯನಿಗೆ ಬೇಯುತ್ತಿದ್ದದ್ದು ಮಣ್ಣಿನ ಮಡಕೆಯಲ್ಲಿ ಎನ್ನುತ್ತಾನೆ. ಕೊನೆಗೆ ಗ್ರಂಥಪಾಲ ಮುಂದೆ ಬಂದು, ಗ್ರಂಥಭಂಡಾರದಲ್ಲಿ 3000 ಸಂಪುಟಗಳಿವೆ, ಆದರೆ ಅವೆಲ್ಲ ಮದರಸೆಯ ವಿದ್ಯಾರ್ಥಿಗಳಿಗೆಂದು ಗೊತ್ತುಮಾಡಿದವು ಎನ್ನುತ್ತಾನೆ. ಜೋನಾಥನ್ ಸ್ಕಾಟ್ 1794ರಲ್ಲಿ ಫೆರಿಷ್ತಾನ ದಖ್ಖನ್ ಚರಿತ್ರೆಯನ್ನು, ಜಾನ್ ಬ್ರಿಗ್ಸ್ 1829ರಲ್ಲಿ ಇಡೀ ಚರಿತ್ರೆಯನ್ನು ಇಂಗ್ಲಿಷಿಗೆ ತಂದ ಮೇಲೆ ಈ ಕಥನ ಎಲ್ಲರಿಗೂ ಸಿಗುವಂತಾಯಿತು.

ಇಲ್ಲಿ ಮೂರು ಸಂಗತಿಗಳನ್ನು ಬಿಡಿಸಿ ನೋಡಬೇಕು: ಮಾತನಾಡುತ್ತಿರುವವನು ಯಾರು, ಎಲ್ಲಿ ನಿಂತು ಮಾತನಾಡುತ್ತಿದ್ದಾನೆ, ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾನೆ.

ಮೊದಲನೆಯದು. ಗ್ರಂಥಪಾಲ ಬರುವುದು ಜಮಖಾನೆಯವನ, ಅಡುಗೆಯವನ ಸಾಲಿನಲ್ಲಿ. ಖಜಾಂಚಿಯೂ ಸೇರಿ ಇವರೆಲ್ಲ ಮಂತ್ರಿಯ ಮನೆಯ ಊಳಿಗದವರು. ಮದರಸೆಯ ಪ್ರಾಧ್ಯಾಪಕರನ್ನಾಗಲಿ, ಅದರ ಆಡಳಿತ ನೋಡುವವರನ್ನಾಗಲಿ ಯಾರೂ ಕರೆಸಿಲ್ಲ. ಇದರ ತೂಕ ತಿಳಿಯಲು ನಾಗಾವಿಯ ಶಾಸನ ನೆರವಾಗುತ್ತದೆ. ಅಲ್ಲಿನ ಘಟಿಕಾಸ್ಥಾನದಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ವೇದಕ್ಕೆ ಮೂವರು, ಶಾಸ್ತ್ರಗಳಿಗೆ ಮೂವರು ಉಪಾಧ್ಯಾಯರಿದ್ದರು. ಇವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲರು, ಇದ್ದರು. ಭಂಡಾರಿಗರನ್ನು ಶಾಸನ ಹೆಸರಿಸುವುದು ಉಪಾಧ್ಯಾಯರ ಸಾಲಿನಲ್ಲಿ, ಸಂಸ್ಥೆಯ ದತ್ತಿಯಿಂದ ಜೀವನ ನಡೆಸುವವರೆಂದು. ಒಂದು ವಿದ್ಯಾಸಂಸ್ಥೆಯ ಗ್ರಂಥಪಾಲ ದಾಖಲೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತಾನೆ ಎಂಬುದಕ್ಕೆ ನಮ್ಮದೇ ನೆಲದ ಇಷ್ಟು ಸ್ಪಷ್ಟ ಮಾದರಿ ಇನ್ನೊಂದು ಸಿಗಲಾರದು. ಕಾಲ, ಭಾಷೆ, ಧರ್ಮ ಎಲ್ಲವೂ ಬೇರೆ ಇರುವುದರಿಂದ ಎರಡನ್ನೂ ನೇರವಾಗಿ ಸಮೀಕರಿಸಲಾಗದು, ನಿಜ. ಆದರೂ ಯಾರು ಯಾರ ಪಕ್ಕದಲ್ಲಿ ನಿಲ್ಲುತ್ತಾರೆ ಎಂಬುದು ಯಾವ ಕಾಲದ ದಾಖಲೆಯಲ್ಲೂ ಅರ್ಥವಿಲ್ಲದ್ದಲ್ಲ. ಫೆರಿಷ್ತಾನ ಗ್ರಂಥಪಾಲ ಮನೆಯವನು, ಅವನು ನೋಡಿಕೊಳ್ಳುತ್ತಿದ್ದದ್ದು ಮನೆಯ ಪುಸ್ತಕಗಳು ಎಂದು ತಿಳಿಯುವುದೇ ಕಥನದ ಜೋಡಣೆಗೆ ಹೊಂದುತ್ತದೆ.

ಎರಡನೆಯದು ಸ್ಥಳ. ಈ ವಿಚಾರಣೆ ನಡೆದದ್ದು ಬೀದರಿನಲ್ಲಲ್ಲ, ಕೃಷ್ಣಾ ನದಿಯ ಕೆಳದಂಡೆಯ ಕೊಂಡಪಲ್ಲಿಯಲ್ಲಿ, ಯುದ್ಧದ ಪಾಳೆಯದಲ್ಲಿ. ಮದರಸೆಯ ಗ್ರಂಥಪಾಲನಾಗಿದ್ದರೆ ಅವನು ಅಲ್ಲಿರಲು ಕಾರಣವೇನೂ ಕಾಣುವುದಿಲ್ಲ. ಮಂತ್ರಿಯ ಸ್ವಂತ ಗ್ರಂಥಪಾಲನಾಗಿದ್ದರೆ ಒಡೆಯ ಹೋದಲ್ಲಿಗೆ ಹೋಗುವುದು ಸಹಜ. ಪುಸ್ತಕಗಳೂ ಜೊತೆಗೆ ಬಂದಿದ್ದವೇ? ಜಮಖಾನೆಯವನು ಪಾಳೆಯದಲ್ಲಿರುವುದನ್ನೂ ಊರಿನಲ್ಲಿರುವುದನ್ನೂ ಬೇರೆ ಮಾಡಿ ಹೇಳುತ್ತಾನೆ, ಗ್ರಂಥಪಾಲ ಹಾಗೆ ಹೇಳುವುದಿಲ್ಲ. ಯುದ್ಧಕ್ಕೆ ಹೊರಟವರು ಪುಸ್ತಕ ಒಯ್ಯುವುದು ಆ ಲೋಕದಲ್ಲಿ ಅಪರೂಪವಾಗಿರಲಿಲ್ಲ. ಮೊಗಲ್ ಹುಮಾಯೂನ್ 1535ರ ಗುಜರಾತಿನ ದಂಡಯಾತ್ರೆಯಲ್ಲಿ ಬೆಲೆಬಾಳುವ ಗ್ರಂಥಗಳನ್ನು ಕಳೆದುಕೊಂಡದ್ದು ದಾಖಲಾಗಿದೆ. ಚರ್ಮದ ರಟ್ಟಿನ ಮಧ್ಯಮ ಗಾತ್ರದ ಹಸ್ತಪ್ರತಿಗೆ ಒಂದು ಕಿಲೋ ಎಂದು ಹಿಡಿದರೆ 3000 ಸಂಪುಟಗಳು ಮೂರು ಟನ್, ಹದಿನೈದಿಪ್ಪತ್ತು ಒಂಟೆಗಳ ಹೊರೆ. ನೂರು ಆನೆ, ಎರಡು ಸಾವಿರ ಕುದುರೆ ಸಾಕಿದ್ದವನಿಗೆ ಅದು ಭಾರವಲ್ಲ. ಹಾಗೆಂದು ಎಲ್ಲವೂ ಕೊಂಡಪಲ್ಲಿಗೆ ಬಂದಿದ್ದವು ಎಂದು ನಾನು ವಾದಿಸುತ್ತಿಲ್ಲ. ಬೇಕಾದ ಕೆಲವು ಜೊತೆಯಲ್ಲಿದ್ದು, ಹೆಚ್ಚಿನವು ಬೀದರಿನಲ್ಲಿ ಉಳಿದಿದ್ದವು ಎಂದುಕೊಳ್ಳುವುದೇ ವಿವೇಕ. ಗ್ರಂಥಪಾಲ ಪಾಳೆಯದಲ್ಲಿದ್ದ ಎಂಬಷ್ಟೇ ನನ್ನ ವಾದಕ್ಕೆ ಸಾಕು.

ಮೂರನೆಯದು ಪ್ರಶ್ನೆ. ಸುಲ್ತಾನ ಹುಡುಕುತ್ತಿದ್ದದ್ದು ಗವಾನನ ಆಸ್ತಿಯನ್ನು. ವಿದ್ಯಾಸಂಸ್ಥೆಯ ಪುಸ್ತಕಗಳು ಆ ಪಟ್ಟಿಯಲ್ಲಿ ಬರಬೇಕಾದ ಅಗತ್ಯವೇ ಇರಲಿಲ್ಲ. ಬಂದಿವೆ ಎಂದರೆ ಅವು ಮಂತ್ರಿಯ ಸ್ವತ್ತು ಎಂದು ಜನ ತಿಳಿದಿದ್ದರು, ಗ್ರಂಥಪಾಲ ಅದನ್ನು ತಿದ್ದಬೇಕಾಯಿತು. ಅವನ ಉತ್ತರದ ಎರಡನೆಯ ಭಾಗ, ಅವು ವಿದ್ಯಾರ್ಥಿಗಳಿಗೆ ಮೀಸಲು ಎನ್ನುವುದು, ನನ್ನ ದೃಷ್ಟಿಯಲ್ಲಿ ಕಾನೂನಿನ ಮಾತು. ಮರಣದಂಡನೆಗೆ ಗುರಿಯಾದವನ ಸ್ವತ್ತಿನ ಮೇಲೆ ಅರಮನೆಯ ಕಣ್ಣಿತ್ತು. ವಕ್ಫ್ ಎಂದು ಧರ್ಮಕ್ಕೆ ದತ್ತಿ ಬಿಟ್ಟದ್ದರ ಮೇಲೆ ಕೈಹಾಕುವುದು ಅಷ್ಟು ಸುಲಭವಿರಲಿಲ್ಲ. ಒಡೆಯನ ಹೆಣ ಇನ್ನೂ ಮಣ್ಣು ಸೇರುವ ಮೊದಲು ಅವನ ಪುಸ್ತಕಗಳನ್ನು ಉಳಿಸಿಕೊಳ್ಳಲು ಒಬ್ಬ ನೌಕರ ಆಡಬಹುದಾಗಿದ್ದ ಒಂದೇ ಮಾತು ಅದು.

ಸ್ವಂತ ಓದಿನ ಸಂಗ್ರಹ ಏಕಕಾಲಕ್ಕೆ ವಕ್ಫ್ ಕೂಡ ಆಗಿರಬಹುದೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಆಗಬಹುದು. ಹನಫೀ ನ್ಯಾಯಶಾಸ್ತ್ರದಲ್ಲಿ ಅಬೂ ಯೂಸುಫ್‌ನ ಅಭಿಪ್ರಾಯದಂತೆ ದಾನಿ ತಾನು ಬದುಕಿರುವಷ್ಟು ಕಾಲ ಅನುಭೋಗವನ್ನು ತನಗೇ ಉಳಿಸಿಕೊಂಡು ವಕ್ಫ್ ಮಾಡಬಹುದು. ಮುಹಮ್ಮದ್ ಅಶ್‌ಶೈಬಾನಿಯ ಅಭಿಪ್ರಾಯ, ಜನರಲ್ಲಿ ರೂಢಿ ಇದ್ದರೆ ಚರವಸ್ತುಗಳ ವಕ್ಫನ್ನೂ ಒಪ್ಪುತ್ತದೆ. ಗ್ರಂಥಗಳು ಅದಕ್ಕೆ ಸಾಮಾನ್ಯ ಉದಾಹರಣೆ. ಗವಾನ್ ಯಾವ ಪದ್ಧತಿಯಂತೆ ನಡೆದುಕೊಂಡ ಎಂಬುದನ್ನು ಹೇಳುವ ವಕ್ಫ್‌ಪತ್ರ ನಮ್ಮ ಮುಂದಿಲ್ಲ. ಆದ್ದರಿಂದ ನಾನು ಹೇಳಬಹುದಾದದ್ದು ಇಷ್ಟೇ: ಬದುಕಿರುವಾಗ ಓದುವವನು ತಾನು, ತನ್ನ ನಂತರ ಓದುವವರು ವಿದ್ಯಾರ್ಥಿಗಳು ಎಂಬ ಏರ್ಪಾಡು ಆ ಕಾಲದ ಕಾನೂನಿಗೆ ಹೊರಗಿನದಾಗಿರಲಿಲ್ಲ, ಫೆರಿಷ್ತಾನ ಮಾತುಗಳಿಗೂ ಅದು ಒಪ್ಪುತ್ತದೆ. ಸುಲ್ತಾನನ ಮುಂದೆ ನಿಂತಾಗ ಗ್ರಂಥಪಾಲ ಅನಿವಾರ್ಯಕ್ಕೆ ಹಾಗೆ ಹೇಳಿದ, ವಕ್ಫ್ ಆಗಿರಲೇ ಇಲ್ಲ ಎಂಬ ಊಹೆಯನ್ನೂ ತಳ್ಳಿಹಾಕಲಾಗದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಸಂಗ್ರಹ ಮೊದಲಿಗೆ ಗವಾನನದೇ ಆಗಿತ್ತು ಎಂಬ ಮಾತಿಗೆ ಧಕ್ಕೆ ಬರುವುದಿಲ್ಲ.

ಫೆರಿಷ್ತಾನನ್ನು ಎಷ್ಟು ನಂಬಬೇಕು ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅವನು ಬಿಜಾಪುರದಲ್ಲಿ ಬರೆದದ್ದು 1606ರ ಸುಮಾರಿಗೆ, ಅಂದರೆ ಒಂದೂಕಾಲು ಶತಮಾನದ ಮೇಲೆ. ಚಾಪೆಯ ಮೇಲೆ ಮಲಗುವ, ಮಡಕೆಯಲ್ಲಿ ಉಣ್ಣುವ ಮಂತ್ರಿ ನೀತಿಕಥೆಗಳಿಂದ ಎದ್ದುಬಂದವನಂತಿದ್ದಾನೆ. ಬೀದರಿಗೆ 1470ರ ಆಸುಪಾಸಿನಲ್ಲಿ ಬಂದಿದ್ದ ರಷ್ಯಾದ ವರ್ತಕ ಅಫನಾಸಿ ನಿಕಿಟಿನ್ ತನ್ನ ಕಣ್ಣಾರೆ ಕಂಡಂತೆ ಬರೆದದ್ದು ಬೇರೆಯೇ: ಮಲಿಕ್-ಉತ್-ತುಜ್ಜಾರ್‌ನ ಪಂಕ್ತಿಯಲ್ಲಿ ದಿನವೂ 500 ಜನ ಊಟಕ್ಕೆ ಕೂರುತ್ತಾರೆ, ಲಾಯದಲ್ಲಿ 2000 ಕುದುರೆಗಳಿವೆ, ರಾತ್ರಿ 100 ಮಂದಿ ಆಯುಧಪಾಣಿಗಳು ಕಾವಲಿರುತ್ತಾರೆ. ಐನೂರು ಜನಕ್ಕೆ ಬಡಿಸಿ ತಾನು ಮಡಕೆಯಲ್ಲಿ ಉಂಡಿರಬಹುದು ಎಂದು ಎರಡನ್ನೂ ಹೊಂದಿಸುವವರಿದ್ದಾರೆ. ಷೆರ್ವಾನಿಯವರಂಥ ವಿದ್ವಾಂಸರಿಗೆ ಗವಾನನ ಮೇಲಿದ್ದ ಗೌರವ ಆ ಕಡೆಗೇ ವಾಲುತ್ತದೆ. ನನಗೆ ನಿಕಿಟಿನ್ ಹೆಚ್ಚು ನಂಬಿಕೆಗೆ ಅರ್ಹನೆನಿಸುತ್ತಾನೆ: ಅವನು ಹೊರಗಿನವನು, ಗವಾನನನ್ನು ಹೊಗಳಿ ಅವನಿಗೆ ಆಗಬೇಕಾದದ್ದೇನೂ ಇರಲಿಲ್ಲ. ವೈರಾಗ್ಯದ ವಿವರಗಳಲ್ಲಿ ಭಕ್ತರ ಕೈವಾಡ ಇದ್ದೇ ಇದೆ ಎಂದು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಹಾಗಾದರೆ ಗ್ರಂಥಪಾಲನ ಮಾತೂ ಅದೇ ಕಟ್ಟುಕಥೆಯ ಭಾಗವಾಗಬಾರದೇಕೆ? ಕಥನದ ಒಳಗೇ ಇದಕ್ಕೊಂದು ಉತ್ತರವಿದೆ. ಖಜಾಂಚಿ, ಜಮಖಾನೆಯವನು, ಅಡುಗೆಯವನು ಈ ಮೂವರ ಸಾಕ್ಷ್ಯದ ದಿಕ್ಕು ಒಂದೇ: ಒಡೆಯನ ಬಳಿ ಏನೂ ಇರಲಿಲ್ಲ. ನಾಲ್ಕನೆಯವನು ಮಾತ್ರ ಇದಕ್ಕೆ ವಿರುದ್ಧವಾಗಿ, ಇತ್ತು, ಬಹಳ ಇತ್ತು ಎನ್ನುತ್ತಾನೆ. ಹಸ್ತಪ್ರತಿಯ ಕಾಲದಲ್ಲಿ 3000 ಸಂಪುಟಗಳೆಂದರೆ ದೊಡ್ಡ ಐಶ್ವರ್ಯ. ಕಾಗದ, ಲಿಪಿಕಾರನ ಕೂಲಿ, ರಟ್ಟು ಕಟ್ಟುವವನ ಕೂಲಿ, ಸಮುದ್ರದಾಚೆಯಿಂದ ತರಿಸಿದ್ದಾದರೆ ಸಾಗಣೆ, ಇವೆಲ್ಲವನ್ನೂ ಕೂಡಿದರೆ ಅಡುಗೆಮನೆಯ ತಾಮ್ರದ ಪಾತ್ರೆಗಳು ಯಾವ ಲೆಕ್ಕಕ್ಕೂ ಬಾರವು. ವೈರಾಗ್ಯದ ಚಿತ್ರ ಬರೆಯಲು ಕೂತವನು ತಾನಾಗಿ ಈ ವಿವರ ಹುಟ್ಟಿಸುವುದು ಕಷ್ಟ. ಅದು ಮೊದಲೇ ಇದ್ದದ್ದರಿಂದ ಬಿಡಲಾಗದೆ, ವಿದ್ಯಾರ್ಥಿಗಳ ಮಾತನ್ನು ಸೇರಿಸಿ ಚಿತ್ರಕ್ಕೆ ಹೊಂದಿಸಿಕೊಂಡಂತಿದೆ. ಗವಾನನ ಆಪ್ತ ವಲಯದವನೇ ಆಗಿದ್ದ ಮುಲ್ಲಾ ಅಬ್ದುಲ್ ಕರೀಮ್ ಹಮದಾನಿ ಬರೆದ ಚರಿತ್ರೆ ಫೆರಿಷ್ತಾನಿಗೆ ಒದಗಿತ್ತು; ಇಂದು ಆ ಗ್ರಂಥ ಕಳೆದುಹೋಗಿದೆ. ವಿಚಾರಣೆಯ ವಿವರಗಳು ಅಲ್ಲಿಂದ ಬಂದಿರುವ ಸಾಧ್ಯತೆಯಿದೆ. ಆಗ ಮಾತಿನ ವಯಸ್ಸು ಒಂದೂಕಾಲು ಶತಮಾನವಷ್ಟು ಕಿರಿದಾಗುತ್ತದೆ, ಪಕ್ಷಪಾತದ ಅನುಮಾನ ಅಷ್ಟೇ ಹಿರಿದಾಗುತ್ತದೆ ಎಂಬುದನ್ನೂ ಹೇಳದೆ ಇರಲಾಗದು.

ಸಂಖ್ಯೆಯ ಬಗ್ಗೆ ನನಗೆ ಆಗ್ರಹವಿಲ್ಲ. 3000 ಎನ್ನುವುದು ದುಂಡು ಸಂಖ್ಯೆ, ಎಣಿಸಿದ್ದಕ್ಕಿಂತ ಅಂದಾಜಿಸಿದ್ದಿರಬಹುದು. ಒಂದೇ ರಟ್ಟಿನೊಳಗೆ ನಾಲ್ಕೈದು ಕೃತಿಗಳನ್ನು ಕಟ್ಟುವುದು ವಾಡಿಕೆಯಾದ್ದರಿಂದ ಕೃತಿಗಳ ಸಂಖ್ಯೆ ಹೆಚ್ಚೂ ಆಗಬಹುದು. ಒಂದು ಕೃತಿ ಹಲವು ಸಂಪುಟಗಳಲ್ಲಿದ್ದರೆ ಕಡಿಮೆಯೂ ಆಗಬಹುದು. ಪುಸ್ತಕಪ್ರಿಯ ಮಂತ್ರಿ ಎಂಬುದು ಪಾರಸಿ ಪರಂಪರೆಗೆ ಪರಿಚಿತವಾದ ಮಾದರಿ ಎಂಬುದನ್ನೂ ನೆನಪಿನಲ್ಲಿಡಬೇಕು. ರೈ ನಗರದ ಮಂತ್ರಿ ಸಾಹಿಬ್ ಇಬ್ನ್ ಅಬ್ಬಾದ್, ತನ್ನ ಪುಸ್ತಕಗಳನ್ನು ಸಾಗಿಸಲು ನಾನೂರು ಒಂಟೆ ಬೇಕೆಂದು ಹೇಳಿ ಇನ್ನೊಬ್ಬ ದೊರೆಯ ಆಹ್ವಾನವನ್ನು ಒಲ್ಲೆನೆಂದ ಕಥೆ ಹತ್ತನೆಯ ಶತಮಾನದ್ದು, ಎಲ್ಲೆಡೆ ಹಬ್ಬಿದ್ದು. ಗವಾನನ ಅಭಿಮಾನಿಗಳ ಮನಸ್ಸಿನಲ್ಲಿ ಆ ಕಥೆ ಇಲ್ಲದಿರಲು ಸಾಧ್ಯವಿಲ್ಲ.

ಆದ್ದರಿಂದ ಫೆರಿಷ್ತಾನಿಂದ ಆಚೆಗೆ, ಗವಾನನ ಸ್ವಂತ ಬರವಣಿಗೆಯಲ್ಲಿ ಓದುಗನೊಬ್ಬ ಕಾಣುತ್ತಾನೆಯೇ ಎಂದು ನೋಡಬೇಕು. ಕಾಣುತ್ತಾನೆ, ಧಾರಾಳವಾಗಿ ಕಾಣುತ್ತಾನೆ. ಅವನ ಪತ್ರಗಳ ಸಂಕಲನ ‘ರಿಯಾಜುಲ್ ಇನ್ಶಾ’ 1948ರಲ್ಲಿ ಹೈದರಾಬಾದಿನಲ್ಲಿ ಅಚ್ಚಾಯಿತು. ಅದರಲ್ಲಿ ನೂರನಲವತ್ತಕ್ಕೂ ಹೆಚ್ಚು ಪತ್ರಗಳಿವೆ. ಸುಲ್ತಾನರಿಗೆ, ಸರದಾರರಿಗೆ, ಮಕ್ಕಳಿಗೆ ಬರೆದವುಗಳ ನಡುವೆ ಹೆರಾತಿನ ಕವಿ ಅಬ್ದುರ್ರಹಮಾನ್ ಜಾಮಿಗೆ ಬರೆದವೂ ಇವೆ. ಜಾಮಿ ದಖ್ಖನಿಗೆ ಬರಬೇಕೆಂದು ಗವಾನ್ ಮತ್ತೆ ಮತ್ತೆ ಕೇಳಿಕೊಳ್ಳುತ್ತಾನೆ. ಜಾಮಿ ಬರಲಿಲ್ಲ, ಪತ್ರವ್ಯವಹಾರ ಮಾತ್ರ ನಿಲ್ಲಲಿಲ್ಲ. ಶಿರಾಜಿನ ತತ್ತ್ವಜ್ಞ ಜಲಾಲುದ್ದೀನ್ ದವಾನಿ, ಸುಹ್ರವರ್ದಿಯ ‘ಹಯಾಕಿಲುನ್ನೂರ್’ ಗ್ರಂಥಕ್ಕೆ ತಾನು ಬರೆದ ವ್ಯಾಖ್ಯಾನವನ್ನು ಗವಾನನಿಗೆ ಅರ್ಪಿಸಿದ. ಶಿರಾಜಿನಲ್ಲಿ ಕೂತ ತತ್ತ್ವಜ್ಞ ಬೀದರಿನ ಮಂತ್ರಿಗೆ ಬೆಳಕಿನ ದರ್ಶನದ ವ್ಯಾಖ್ಯಾನವನ್ನು ಅರ್ಪಿಸುವುದಕ್ಕೆ ಹಣದ ನಿರೀಕ್ಷೆಯೂ ಕಾರಣವಿದ್ದೀತು. ಓದಿ ತಿಳಿಯಬಲ್ಲವನೆಂಬ ಹೆಸರು ಇಲ್ಲದವನಿಗೆ ಮಾತ್ರ ಅಂಥ ಗ್ರಂಥವನ್ನು ಯಾರೂ ಅರ್ಪಿಸುವುದಿಲ್ಲ.

ಓದಿನ ಈ ಗೀಳು ಬೀದರಿನ ಅಧಿಕಾರದ ಜೊತೆ ಹುಟ್ಟಿದ್ದಲ್ಲ ಎಂಬುದಕ್ಕೆ ಬೇರೆ ದಿಕ್ಕಿನ ಸಾಕ್ಷ್ಯವಿದೆ. ಕೈರೋದ ಸಖಾವಿ ತನ್ನ ಶತಮಾನದ ಗಣ್ಯರ ಚರಿತ್ರಕೋಶದಲ್ಲಿ ಗವಾನನಿಗೂ ಒಂದು ನಮೂದು ಕೊಟ್ಟಿದ್ದಾನೆ. ಹದೀಸ್ ವಿದ್ವಾಂಸ ಇಬ್ನ್ ಹಜರ್ ಅಸ್ಕಲಾನಿಯ ಬಳಿ ಗವಾನ್ ಪಾಠ ಕೇಳಿದ್ದ ಎಂಬುದು ಆ ಪರಂಪರೆಯ ಮಾಹಿತಿ. ಇಬ್ನ್ ಹಜರ್ ತೀರಿಕೊಂಡದ್ದು 1449ರಲ್ಲಿ, ಗವಾನ್ ದಾಭೋಳದಲ್ಲಿ ಇಳಿಯುವುದಕ್ಕೆ ನಾಲ್ಕು ವರ್ಷ ಮೊದಲು. ಅಂದರೆ ಕುದುರೆ, ರೇಷ್ಮೆಗಳ ವ್ಯಾಪಾರಕ್ಕೆಂದು ತಿರುಗುತ್ತಿದ್ದ ಕಾಲದಲ್ಲೇ ಅವನು ದಾರಿಯ ಊರುಗಳಲ್ಲಿ ಗುರುಗಳನ್ನೂ ಹುಡುಕುತ್ತಿದ್ದ. ಇನ್ನೊಂದು ತುದಿಯಲ್ಲಿ ‘ಮನಾಜಿರುಲ್ ಇನ್ಶಾ’ ಇದೆ. ಇದು ಪತ್ರರಚನೆಯ ಶಾಸ್ತ್ರಗ್ರಂಥ. ಅದರ ಪ್ರತಿಗಳು ಒಟ್ಟೊಮನ್ ರಾಜ್ಯದವರೆಗೂ ಹೋದವು. ಅಲಂಕಾರ, ವ್ಯಾಕರಣ, ಗದ್ಯದ ಬಗೆಗಳು, ಯಾರಿಗೆ ಯಾವ ಸಂಬೋಧನೆ ಎಂಬ ವಿವೇಚನೆ, ಎಲ್ಲಕ್ಕೂ ಅರಬ್ಬಿ ಪಾರಸಿ ಉದಾಹರಣೆಗಳು. ಇಂಥ ಗ್ರಂಥವನ್ನು ನೆನಪಿನ ಬಲದ ಮೇಲಷ್ಟೇ ಬರೆಯಲಾಗದು. ಕೈಗೆಟುಕುವಷ್ಟು ಹತ್ತಿರದಲ್ಲಿ ಪುಸ್ತಕಗಳಿರಬೇಕು. ರಾಜ್ಯಭಾರ ಹೊತ್ತು, ವರ್ಷಗಟ್ಟಲೆ ದಂಡಿನಲ್ಲಿದ್ದವನು ಇದನ್ನು ಬರೆದ. ಮದರಸೆಯ ಕಪಾಟಿನಿಂದ ಒಂದೊಂದು ಪುಸ್ತಕ ತರಿಸಿಕೊಂಡು ಬರೆದನೆನ್ನುವುದಕ್ಕಿಂತ, ತನ್ನದೇ ಸಂಗ್ರಹ ತನ್ನ ಜೊತೆಗಿತ್ತು ಎನ್ನುವುದು ನಂಬುವಂತಿದೆ. ಗ್ರಂಥಪಾಲ ಕೊಂಡಪಲ್ಲಿಯಲ್ಲಿದ್ದುದಕ್ಕೂ ಇದೇ ಕಾರಣವಿದ್ದೀತು.

ಮದರಸೆಯ ವಿಷಯಕ್ಕೆ ಬಂದರೆ, 1472ರಲ್ಲಿ ಮುಗಿದ ಆ ಕಟ್ಟಡ 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ಮುಂಭಾಗದಲ್ಲಿ ಉಳಿದಿರುವ ಒಂದೇ ಮಿನಾರಿನ ಮೈಮೇಲೆ ನೀಲಿ, ಹಸಿರು, ಬಿಳಿ ಬಣ್ಣದ ಹೊಳಪುಬಿಲ್ಲೆಗಳು ಅಂಕುಡೊಂಕು ಪಟ್ಟಿಗಳಾಗಿ ಇಂದಿಗೂ ಅಲ್ಲಲ್ಲಿ ಅಂಟಿಕೊಂಡಿವೆ. ಕಟ್ಟಡದ ನೆತ್ತಿಯ ಪಟ್ಟಿಯಲ್ಲಿ ಅಕ್ಷರಗಳೇ ಅಲಂಕಾರ. ಮಸೀದಿಯ ಜೊತೆಗೆ ಗ್ರಂಥಾಲಯಕ್ಕೂ ಒಂದು ಅಂಕಣವಿತ್ತೆಂದು ಗುರುತಿಸುವುದನ್ನು ನಾನು ಅಲ್ಲಗಳೆಯುತ್ತಿಲ್ಲ. ಕಲಿಯುವವರಿಗೆ ಅಲ್ಲಿ ಪಠ್ಯಗಳು ಇದ್ದೇ ಇದ್ದಿರಬೇಕು. 3000ದ ಮಾತು ಆ ಪಠ್ಯಗಳಿಗೆ ಸಂಬಂಧಿಸಿದ್ದೇ ಎಂಬಷ್ಟಕ್ಕೇ ನನ್ನ ತಕರಾರು. ಗವಾನನ ಮನೆಯ ಪುಸ್ತಕಗಳು ಅವನ ಮರಣಾನಂತರ ಮದರಸೆಗೆ ಸೇರಿದ್ದರೆ, ಬೀದರಿನ ಆ ಅಂಕಣ ನಿಜವಾಗಿ ತುಂಬಿದ್ದು 1481ರ ನಂತರ.

ಆ ಪುಸ್ತಕಗಳ ಮುಂದಿನ ಗತಿಯ ಬಗ್ಗೆ ಪ್ರಚಲಿತವಿರುವ ಮಾತು ಒಂದೇ: 1657ರಲ್ಲಿ ಔರಂಗಜೇಬ್ ಬೀದರನ್ನೂ ಕಲ್ಯಾಣವನ್ನೂ ಹಿಡಿದ ಮೇಲೆ ಮದರಸೆ ದಂಡಿನ ವಸತಿಯಾಯಿತು, ಮದ್ದಿನ ಉಗ್ರಾಣವಾಯಿತು, 1696ರಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಮಗ್ಗುಲೇ ಹಾರಿಹೋಯಿತು, ಗ್ರಂಥಗಳೂ ಸುಟ್ಟುಹೋದವು. ಕಟ್ಟಡ ಹಾಳಾದದ್ದು ನಿಜ. ಗ್ರಂಥಗಳು ಅಷ್ಟು ಕಾಲ ಅಲ್ಲೇ ಇದ್ದವೆಂದು ತಿಳಿಯಲು ಆಧಾರ ಸಾಲದು. ನಡುವೆ ಬರೀದ್ ಷಾಹಿಗಳ ಆಳ್ವಿಕೆ ಕಳೆದಿದೆ, 1619ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಷಾ ಬೀದರನ್ನು ಬಿಜಾಪುರಕ್ಕೆ ಸೇರಿಸಿಕೊಂಡಿದ್ದಾನೆ. ಪುಸ್ತಕಪ್ರಿಯನೆಂದು ಹೆಸರಾದ ದೊರೆಯೊಬ್ಬ ಬೀದರಿನ ಒಳ್ಳೆಯ ಹಸ್ತಪ್ರತಿಗಳನ್ನು ಅಲ್ಲೇ ಬಿಟ್ಟುಹೋದನೆಂದು ನಂಬುವುದು ಕಷ್ಟ. ಬಿಜಾಪುರದ ರಾಜಭಂಡಾರದಲ್ಲಿ ಉಳಿದ ನಾನೂರಕ್ಕೂ ಹೆಚ್ಚು ಸಂಪುಟಗಳು ಅಸಾರ್ ಮಹಲಿನಲ್ಲಿದ್ದವು. 1853ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವನ್ನು ಲಂಡನ್ನಿಗೆ ಸಾಗಿಸಿತು. ಅವುಗಳಲ್ಲಿ ಹೆಚ್ಚಿನವು ಅರಬ್ಬಿ ಗ್ರಂಥಗಳು, ಒಟ್ಟೊ ಲೋತ್ 1877ರ ತನ್ನ ಸೂಚಿಯಲ್ಲಿ ಅವನ್ನು ವಿವರಿಸಿದ. ಗವಾನನ ಪುಸ್ತಕಗಳಲ್ಲಿ ಕೆಲವಾದರೂ ಆ ಗುಂಪಿನಲ್ಲಿರಬಹುದೆಂಬುದು ಸದ್ಯಕ್ಕೆ ಊಹೆ ಮಾತ್ರ. ಊಹೆಯನ್ನು ಪರೀಕ್ಷಿಸುವ ದಾರಿ ಮಾತ್ರ ಖಚಿತವಾಗಿದೆ: ಪ್ರತಿ ಸಂಪುಟದ ಮೊದಲ ಮತ್ತು ಕೊನೆಯ ಹಾಳೆಗಳಲ್ಲಿರುವ ಮುದ್ರೆ, ಕೊಂಡ ಬೆಲೆ, ಭಂಡಾರಕ್ಕೆ ಸೇರಿದ ದಿನ, ಹಿಂದಿನ ಒಡೆಯನ ಹೆಸರು ಇವುಗಳನ್ನು ಒಂದೊಂದಾಗಿ ಓದಬೇಕು. ಹೆಸರನ್ನು ಕೆರೆದು ಅಳಿಸಿ ಮೇಲೆ ಹೊಸ ಮುದ್ರೆ ಒತ್ತಿದ ಜಾಗಗಳನ್ನು ವಿಶೇಷವಾಗಿ ನೋಡಬೇಕು.

ಅದೇ ಕೆಲಸ ಇಲ್ಲಿಯೂ ಆಗಬೇಕಾಗಿದೆ. ಬೀದರ್, ಹುಮನಾಬಾದ್, ಬಸವಕಲ್ಯಾಣ, ಕಲಬುರಗಿಯ ದರ್ಗಾಗಳಲ್ಲಿ, ಹಳೆಯ ಖಾಜಿ ಮನೆತನಗಳಲ್ಲಿ ಅರಬ್ಬಿ ಪಾರಸಿ ಹಸ್ತಪ್ರತಿಗಳು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಂತೆಯೇ ಇವೆ. ಓದಲು ಬಾರದ ಲಿಪಿಯೆಂದು ಅವನ್ನು ತೆರೆಯದೆ ಬಿಟ್ಟವರು, ಗೆದ್ದಲಿಗೆ ಅಂಜಿ ನದಿಗೆ ಬಿಡಲು ಯೋಚಿಸುತ್ತಿರುವವರು ಯಾರಾದರೂ ಈ ಲೇಖನ ಓದಿದರೆ ಅವರಲ್ಲಿ ನನ್ನದೊಂದು ವಿನಂತಿ: ದಯವಿಟ್ಟು ಮೊದಲ ಹಾಳೆ ಮತ್ತು ಕೊನೆಯ ಹಾಳೆಯ ಚಿತ್ರ ತೆಗೆದಿಡಿ, ಬಲ್ಲವರಿಗೆ ತೋರಿಸಿ, ರಟ್ಟು ಹರಿದಿದ್ದರೂ ಬಿಸಾಡಬೇಡಿ.